ಹಳೆಯ ಫಾರಿನ್ ಕೀ ಟ್ರಿಗರ್‌ಗಳನ್ನು ಬದಲಿಸಿ ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಮೇಲ್ದರ್ಜೆಗೇರಿಸುವ ಕ್ರಮ

ಕಲಬುರಗಿಯ ಗಂಜ್‌ನ ಅಡತ್ ಅಂಗಡಿಗಳಲ್ಲಿ, ದಾಲ್ ಮಿಲ್‌ಗಳಲ್ಲಿ, ಬೀದರ್ ಮತ್ತು ಯಾದಗಿರಿ ಕಡೆಯ ಸಹಕಾರ ಸಂಘಗಳಲ್ಲಿ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ಇಪ್ಪತ್ತು ವರ್ಷಕ್ಕೂ ಹಿಂದೆ ಯಾರೋ ಬರೆದುಕೊಟ್ಟ ಲೆಕ್ಕದ ತಂತ್ರಾಂಶ ಇಂದಿಗೂ ನಡೆಯುತ್ತಿದೆ. ಅದರ ಹಿಂದಿರುವುದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್, ಅದೂ 7 ಅಥವಾ 8ರ ಸಾಲಿನ ಹಳೆಯ ಆವೃತ್ತಿ. ಯಂತ್ರ ಹಳೆಯದಾಗಿ ಹೊಸ ಸರ್ವರ್‌ಗೆ ಹೋಗಲೇಬೇಕಾಗಿದೆ. ಆದರೆ ಡಂಪ್ ಕಡತದಲ್ಲಿ ‘ಕ್ರಿಯೇಟ್ ಕನ್‌ಸ್ಟ್ರೇಂಟ್ ಟ್ರಿಗರ್’ ಎಂಬ ಸಾಲುಗಳು ರಾಶಿ ರಾಶಿಯಾಗಿ ಕಾಣುತ್ತಿವೆ. ಇವುಗಳನ್ನು ಏನು ಮಾಡಬೇಕು, ಹಾಗೆಯೇ ಹೊಸ ಸರ್ವರ್‌ಗೆ ಒಯ್ದರೆ ನಡೆಯುವುದಿಲ್ಲವೇ ಎಂಬುದು ಪ್ರಶ್ನೆ. ನಡೆಯುವುದಿಲ್ಲ. ಅವುಗಳನ್ನು ತೆಗೆದು, ಅದೇ ಸಂಬಂಧವನ್ನು ನಿಜವಾದ ಫಾರಿನ್ ಕೀ ಆಗಿ ಘೋಷಿಸಿ, ಆಮೇಲೆ ಮುಂದೆ ಹೋಗಬೇಕು. ಅದನ್ನು ಮಾಡುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಮೊದಲು ಕೆಲವು ಪದಗಳು. ‘ಟೇಬಲ್’ ಎಂದರೆ ಸಾಲು ಮತ್ತು ಕಾಲಂಗಳಿರುವ ಕೋಷ್ಟಕ. ರೈತರ ವಿವರ ಇರುವ ‘ರೈತ’ ಎಂಬ ಟೇಬಲ್ ಒಂದಿದೆ, ಅವರಿಂದ ಕೊಂಡ ತೊಗರಿಯ ಲೆಕ್ಕ ಇರುವ ‘ಖರೀದಿ’ ಎಂಬ ಟೇಬಲ್ ಇನ್ನೊಂದಿದೆ ಎಂದುಕೊಳ್ಳಿ. ಖರೀದಿಯ ಪ್ರತಿ ಸಾಲಿನಲ್ಲಿರುವ ರೈತ ಸಂಖ್ಯೆಯು ರೈತ ಟೇಬಲ್‌ನಲ್ಲಿ ಇದ್ದೇ ಇರಬೇಕು ಎಂಬ ಕಟ್ಟಳೆಗೆ ‘ಫಾರಿನ್ ಕೀ’ ಎನ್ನುತ್ತಾರೆ. ಇಲ್ಲಿ ರೈತ ಮೂಲ ಟೇಬಲ್, ಖರೀದಿ ಅವಲಂಬಿತ ಟೇಬಲ್. ‘ಟ್ರಿಗರ್’ ಎಂದರೆ ಟೇಬಲ್‌ನಲ್ಲಿ ಸಾಲು ಸೇರಿದಾಗ, ಬದಲಾದಾಗ ಅಥವಾ ಅಳಿದಾಗ ತಾನಾಗಿ ಓಡುವ ಸಣ್ಣ ಕಾರ್ಯವಿಧಾನ. ‘ಡಂಪ್’ ಎಂದರೆ ಇಡೀ ಡೇಟಾಬೇಸನ್ನು ಮತ್ತೆ ಕಟ್ಟಲು ಬೇಕಾದ ಆದೇಶಗಳನ್ನೂ ದತ್ತಾಂಶವನ್ನೂ ಒಂದು ಕಡತಕ್ಕೆ ಇಳಿಸಿದ ಪ್ರತಿ.

ಪೋಸ್ಟ್‌ಗ್ರೆಸ್‌ಗೆ ಫಾರಿನ್ ಕೀ ಸೌಲಭ್ಯ ಬಂದದ್ದು 2000ದಲ್ಲಿ ಹೊರಬಂದ 7.0 ಆವೃತ್ತಿಯಲ್ಲಿ. ಆಗ ಆ ಸಂಬಂಧವನ್ನು ಬರೆದಿಡಲು ಪ್ರತ್ಯೇಕ ಜಾಗವಿರಲಿಲ್ಲ. ಒಂದು ಫಾರಿನ್ ಕೀ ಘೋಷಿಸಿದರೆ ಮೂರು ಟ್ರಿಗರ್‌ಗಳು ಹುಟ್ಟುತ್ತಿದ್ದವು, ಅವೇ ಸಂಬಂಧದ ಏಕೈಕ ಕುರುಹಾಗಿದ್ದವು. 2002ರ ನವೆಂಬರ್‌ನಲ್ಲಿ ಬಂದ 7.3ರಲ್ಲಿ ಕಟ್ಟಳೆಗಳನ್ನು ದಾಖಲಿಸುವ ‘ಪಿಜಿ_ಕನ್‌ಸ್ಟ್ರೇಂಟ್’ ಎಂಬ ಆಂತರಿಕ ಪಟ್ಟಿಯೂ, ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಹೇಳುವ ‘ಪಿಜಿ_ಡಿಪೆಂಡ್’ ಎಂಬ ಪಟ್ಟಿಯೂ ಸೇರಿದವು. ಅಂದಿನಿಂದ ಟ್ರಿಗರ್‌ಗಳು ಒಳಗಿನ ಯಂತ್ರಾಂಗ ಮಾತ್ರ. ಸಂಬಂಧದ ನಿಜವಾದ ದಾಖಲೆ ಇರುವುದು ಪಿಜಿ_ಕನ್‌ಸ್ಟ್ರೇಂಟ್‌ನಲ್ಲಿ. ತೊಂದರೆಯೇನೆಂದರೆ, 7.3ಕ್ಕೆ ಮೊದಲು ಕಟ್ಟಿದ ಡೇಟಾಬೇಸನ್ನು ಡಂಪ್ ಮೂಲಕ 7.4ಕ್ಕೆ, ಅಲ್ಲಿಂದ 8.1ಕ್ಕೆ ಸಾಗಿಸಿದವರಲ್ಲಿ ಆ ಮೂರು ಮೂರು ಟ್ರಿಗರ್‌ಗಳು ಬಿಡಿ ಟ್ರಿಗರ್‌ಗಳಾಗಿಯೇ ಉಳಿದುಕೊಂಡವು. ಪರಿಶೀಲನೆ ನಡೆಯುತ್ತಿರುತ್ತದೆ, ಆದ್ದರಿಂದ ಯಾರಿಗೂ ಕೊರತೆ ಕಾಣುವುದಿಲ್ಲ. ಆದರೆ ಡೇಟಾಬೇಸ್‌ಗೆ ಆ ಎರಡು ಟೇಬಲ್‌ಗಳ ನಡುವೆ ಸಂಬಂಧವಿದೆ ಎಂಬುದೇ ತಿಳಿದಿರುವುದಿಲ್ಲ.

ಬೇಕಾದವುಗಳು ಇಷ್ಟು: ಹಳೆಯ ಸರ್ವರ್‌ನ ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಬಳಕೆದಾರ) ಪಾಸ್‌ವರ್ಡ್, ಪ್ರಯೋಗಕ್ಕೆ ಬೇರೆ ಒಂದು ಯಂತ್ರ, ಅಥವಾ ಅದೇ ಹಳೆಯ ಆವೃತ್ತಿಯನ್ನು ಹಾಕಿದ ವರ್ಚುವಲ್ ಯಂತ್ರ, ಯುಪಿಎಸ್, ಮತ್ತು ಹಳೆಯ ಕಿರ್ದಿ, ಖಾತೆ ಪುಸ್ತಕ, ತೂಕದ ಚೀಟಿಗಳನ್ನು ತೆಗೆದು ತೋರಿಸಬಲ್ಲ, ಆ ಲೆಕ್ಕವನ್ನು ಬಲ್ಲ ಹಿರಿಯ ಗುಮಾಸ್ತರೊಬ್ಬರ ಸಹಕಾರ. ಕೊನೆಯದನ್ನು ಔಪಚಾರಿಕತೆಗೆ ಸೇರಿಸಿದ್ದಲ್ಲ. ನಾಲ್ಕನೆಯ ಹಂತದಲ್ಲಿ ಅವರಿಲ್ಲದೆ ಕೆಲಸ ಮುಂದೆ ಸಾಗದು.

ಕಾಲವನ್ನೂ ನೋಡಿಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೊಸ ತೊಗರಿಯ ಆವಕ, ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಈ ನಾಲ್ಕು ತಿಂಗಳು ಲೆಕ್ಕದ ಸರ್ವರ್ ಮುಟ್ಟಬಾರದು. ಮುಂಗಾರು ಬಿತ್ತನೆಯ ಹೊತ್ತಿಗೆ ಗಂಜ್‌ನ ಕೆಲಸ ತಗ್ಗಿರುತ್ತದೆ, ಅದೇ ಸರಿಯಾದ ಸಮಯ.

ಹಂತ 1: ನಿಮ್ಮಲ್ಲಿರುವುದು ಹಳೆಯ ಟ್ರಿಗರ್ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಮೊದಲು ‘ಸೆಲೆಕ್ಟ್ ವರ್ಷನ್()’ ಎಂದು ಕೇಳಿ ಆವೃತ್ತಿಯನ್ನು ಬರೆದುಕೊಳ್ಳಿ. 8.2 ಅಥವಾ ಅದಕ್ಕಿಂತ ಹಳೆಯದಾಗಿದ್ದರೆ ಮಾತ್ರ ಈ ಸಮಸ್ಯೆ ಸರ್ವರ್‌ನಲ್ಲಿ ಇರಲು ಸಾಧ್ಯ, ಏಕೆಂದರೆ 2008ರಲ್ಲಿ ಬಂದ 8.3 ಆವೃತ್ತಿಯು ಇಂಥ ಟ್ರಿಗರ್ ಗುಂಪು ಪೂರ್ತಿಯಾಗಿ ಸಿಕ್ಕರೆ ಅದನ್ನು ಲೋಡ್ ಆಗುವಾಗಲೇ ಫಾರಿನ್ ಕೀ ಆಗಿ ಪರಿವರ್ತಿಸುತ್ತದೆ. ಸೆಂಟ್‌ಓಎಸ್ 5 ಎಂಬ ಲಿನಕ್ಸ್ ವ್ಯವಸ್ಥೆಯ ಜೊತೆ ಬಂದ ಪೋಸ್ಟ್‌ಗ್ರೆಸ್ 8.1 ಇಂದಿಗೂ ಕೆಲವು ಕಡೆ ಓಡುತ್ತಿದ್ದರೆ ಅಚ್ಚರಿಯಿಲ್ಲ.

ಬಳಿಕ ಪೋಸ್ಟ್‌ಗ್ರೆಸ್‌ಗೆ ಆದೇಶ ಟೈಪ್ ಮಾಡುವ ಪಿಎಸ್‌ಕ್ಯೂಎಲ್ ಎಂಬ ಉಪಕರಣದಲ್ಲಿ ಬ್ಯಾಕ್‌ಸ್ಲ್ಯಾಷ್ ಡಿ ಮತ್ತು ಅವಲಂಬಿತ ಟೇಬಲ್‌ನ ಹೆಸರನ್ನು ಕೊಟ್ಟು ವಿವರಣೆ ನೋಡಿ. ಸರಿಯಾದ ಸಂಬಂಧವಾಗಿದ್ದರೆ ಅದು ‘ಫಾರಿನ್ ಕೀ ಕನ್‌ಸ್ಟ್ರೇಂಟ್ಸ್’ ಎಂಬ ತಲೆಬರಹದ ಕೆಳಗೆ ಬರುತ್ತದೆ. ಹಳೆಯದಾಗಿದ್ದರೆ ‘ಟ್ರಿಗರ್ಸ್’ ಎಂಬ ತಲೆಬರಹದ ಕೆಳಗೆ ‘ಆರ್‌ಐ_ಕನ್‌ಸ್ಟ್ರೇಂಟ್‌ಟ್ರಿಗರ್_’ ಎಂದು ಆರಂಭವಾಗಿ ಒಂದು ಉದ್ದ ಸಂಖ್ಯೆಯಲ್ಲಿ ಮುಗಿಯುವ ಹೆಸರುಗಳು ಕಾಣುತ್ತವೆ. ರಚನೆಯನ್ನು ಮಾತ್ರ ಡಂಪ್ ಮಾಡಿ, ಆ ಕಡತದಲ್ಲಿ ‘ಕ್ರಿಯೇಟ್ ಕನ್‌ಸ್ಟ್ರೇಂಟ್ ಟ್ರಿಗರ್’ ಎಂದು ಹುಡುಕಿದರೂ ಅದೇ ತಿಳಿಯುತ್ತದೆ.

ಹಂತ 2: ಪ್ರತಿ ತೆಗೆಯಿರಿ, ಪ್ರತಿಯ ಮೇಲೆಯೇ ಕೆಲಸ ಮಾಡಿ

ಪೂರ್ತಿ ಡಂಪ್ ತೆಗೆದು, ಅದನ್ನು ಪ್ರಯೋಗದ ಯಂತ್ರದಲ್ಲಿ ಅದೇ ಹಳೆಯ ಆವೃತ್ತಿಗೆ ಲೋಡ್ ಮಾಡಿ, ಲೆಕ್ಕದ ತಂತ್ರಾಂಶವನ್ನು ಅದಕ್ಕೆ ಜೋಡಿಸಿ ಒಂದು ವರದಿ ತೆರೆದು ನೋಡಿ. ಮರಳಿ ಲೋಡ್ ಮಾಡಿ ನೋಡದ ಡಂಪ್ ಬ್ಯಾಕಪ್ ಅಲ್ಲ. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್‌ಗಳು ಸಾಮಾನ್ಯ ಡಂಪ್‌ನಲ್ಲಿ ಸೇರುವುದಿಲ್ಲ, ಅವುಗಳಿಗೆ ‘ಪಿಜಿ_ಡಂಪ್‌ಆಲ್’ ಬೇಕು.

ಹಂತ 3: ಟ್ರಿಗರ್‌ಗಳನ್ನು ಮೂರರ ಗುಂಪುಗಳಾಗಿ ವಿಂಗಡಿಸಿ

ಒಂದು ಫಾರಿನ್ ಕೀಯ ಮೂರು ಟ್ರಿಗರ್‌ಗಳಲ್ಲಿ ಒಂದು ಅವಲಂಬಿತ ಟೇಬಲ್ ಮೇಲಿರುತ್ತದೆ, ಎರಡು ಮೂಲ ಟೇಬಲ್ ಮೇಲಿರುತ್ತವೆ. ಅವಲಂಬಿತ ಟೇಬಲ್ ಮೇಲಿನದು ‘ಆರ್‌ಐ_ಎಫ್‌ಕೀ_ಚೆಕ್_ಇನ್ಸ್’ ಎಂಬ ಕಾರ್ಯವಿಧಾನವನ್ನು ಕರೆಯುತ್ತದೆ. ಖರೀದಿಗೆ ಸಾಲು ಸೇರಿಸಿದಾಗ ಅಥವಾ ಬದಲಿಸಿದಾಗ ಆ ರೈತ ಇದ್ದಾನೆಯೇ ಎಂದು ನೋಡುವುದು ಇದರ ಕೆಲಸ. ಮೂಲ ಟೇಬಲ್ ಮೇಲಿನ ಎರಡು ಕರೆಯುವ ಕಾರ್ಯವಿಧಾನಗಳ ಹೆಸರುಗಳು ‘ಡೆಲ್’ ಮತ್ತು ‘ಅಪ್ಡ್’ ಎಂದು ಮುಗಿಯುತ್ತವೆ. ರೈತನನ್ನು ಅಳಿಸಿದಾಗ ಮತ್ತು ಆತನ ಸಂಖ್ಯೆಯನ್ನು ಬದಲಿಸಿದಾಗ ಏನಾಗಬೇಕು ಎಂಬುದನ್ನು ಇವು ನೋಡಿಕೊಳ್ಳುತ್ತವೆ.

ಟ್ರಿಗರ್‌ಗಳ ಆಂತರಿಕ ಪಟ್ಟಿಯಾದ ‘ಪಿಜಿ_ಟ್ರಿಗರ್’ ಅನ್ನು ಕಾರ್ಯವಿಧಾನಗಳ ‘ಪಿಜಿ_ಪ್ರಾಕ್’ ಪಟ್ಟಿಯೊಂದಿಗೆ ಜೋಡಿಸಿ, ಟ್ರಿಗರ್‌ನ ಹೆಸರು, ಅದು ಇರುವ ಟೇಬಲ್, ಎದುರಿನ ಟೇಬಲ್, ಕಾರ್ಯವಿಧಾನದ ಹೆಸರು ಮತ್ತು ‘ಟಿಜಿಆರ್ಗ್ಸ್’ ಎಂಬ ಕಾಲಂ, ಇಷ್ಟನ್ನು ತೆಗೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು ಈ ಟಿಜಿಆರ್ಗ್ಸ್. ಅದರೊಳಗೆ ಹಿಂದೋರೆ ಗೆರೆ ಮತ್ತು ಮೂರು ಸೊನ್ನೆಗಳಿಂದ ಬೇರ್ಪಟ್ಟ ತುಣುಕುಗಳಿರುತ್ತವೆ: ಮೊದಲು ಕಟ್ಟಳೆಯ ಹೆಸರು (ಬಹುತೇಕ ‘ಅನ್‌ನೇಮ್ಡ್’ ಎಂದಿರುತ್ತದೆ), ಆಮೇಲೆ ಅವಲಂಬಿತ ಟೇಬಲ್, ಮೂಲ ಟೇಬಲ್, ಹೊಂದಾಣಿಕೆಯ ಬಗೆ (‘ಅನ್‌ಸ್ಪೆಸಿಫೈಡ್’ ಅಥವಾ ‘ಫುಲ್’), ಕೊನೆಗೆ ಅವಲಂಬಿತ ಕಾಲಂ ಮತ್ತು ಮೂಲ ಕಾಲಂನ ಜೋಡಿ. ಈ ತುಣುಕುಗಳೆಲ್ಲ ಒಂದೇ ಆಗಿರುವ ಮೂರು ಟ್ರಿಗರ್‌ಗಳು ಒಂದು ಗುಂಪು. ಪ್ರತಿ ಗುಂಪಿಗೆ ಒಂದು ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ಒಂದು ಸಾಲು ಬರೆಯಿರಿ. ಮುಂದಿನ ಕೆಲಸವೆಲ್ಲ ಈ ಪಟ್ಟಿಯ ಮೇಲೆ ನಿಂತಿದೆ.

ಇಲ್ಲಿ ಎಡವುವ ಜಾಗಗಳು ಹಲವು. ಒಂದು ಟೇಬಲ್ ತನ್ನನ್ನೇ ಅವಲಂಬಿಸಿದ್ದರೆ, ಉದಾಹರಣೆಗೆ ಶಾಖೆಗಳ ಟೇಬಲ್‌ನಲ್ಲಿ ಮೇಲಿನ ಶಾಖೆಯ ಸಂಖ್ಯೆ ಇದ್ದರೆ, ಮೂರೂ ಟ್ರಿಗರ್‌ಗಳು ಒಂದೇ ಟೇಬಲ್ ಮೇಲಿರುತ್ತವೆ, ಗಾಬರಿಯಾಗಬೇಡಿ. ಯಾರೋ ಹಿಂದೊಮ್ಮೆ ನಿಜವಾದ ಫಾರಿನ್ ಕೀ ಸೇರಿಸಿ ಹಳೆಯ ಟ್ರಿಗರ್ ತೆಗೆಯುವುದನ್ನು ಮರೆತಿದ್ದರೆ ಒಂದೇ ಸಂಬಂಧಕ್ಕೆ ಎರಡು ಗುಂಪು ಸಿಗುತ್ತದೆ. ಆಗ ಹಳೆಯದನ್ನು ತೆಗೆದರೆ ಸಾಕು. ಯಾವುದು ನಿಜವಾದ ಕೀಗೆ ಸೇರಿದ ಟ್ರಿಗರ್ ಎಂದು ತಿಳಿಯಲು ಪಿಜಿ_ಡಿಪೆಂಡ್ ನೋಡಿ: ಆ ಟ್ರಿಗರ್‌ನಿಂದ ಪಿಜಿ_ಕನ್‌ಸ್ಟ್ರೇಂಟ್‌ಗೆ ಕೊಂಡಿ ಇದ್ದರೆ ಅದನ್ನು ಮುಟ್ಟಬಾರದು. ಮೂರರಲ್ಲಿ ಒಂದು ಟ್ರಿಗರ್ ಕಾಣೆಯಾಗಿರುವ ಗುಂಪನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ಅದರ ಅರ್ಥ, ಆ ಟೇಬಲ್‌ನಲ್ಲಿ ಪರಿಶೀಲನೆ ಎಂದೋ ಅರ್ಧ ನಿಂತುಹೋಗಿದೆ, ಮತ್ತು ಮುಂದಿನ ಹಂತದ ಹೆಚ್ಚಿನ ಕೆಲಸ ಅಲ್ಲಿಯೇ ಸಿಗಲಿದೆ.

ಪಟ್ಟಿಯ ಪ್ರತಿ ಸಾಲಿನಲ್ಲಿ ಇನ್ನೂ ಎರಡು ಸಂಗತಿ ಬರೆಯಿರಿ. ಅಳಿಸುವಾಗಿನ ಕಾರ್ಯವಿಧಾನದ ಹೆಸರಿನಲ್ಲಿ ‘ನೋಆ್ಯಕ್ಷನ್’ ಇದೆಯೋ, ‘ರೆಸ್ಟ್ರಿಕ್ಟ್’ ಇದೆಯೋ, ‘ಕ್ಯಾಸ್ಕೇಡ್’ ಇದೆಯೋ, ‘ಸೆಟ್‌ನಲ್’ ಅಥವಾ ‘ಸೆಟ್‌ಡಿಫಾಲ್ಟ್’ ಇದೆಯೋ, ಬದಲಿಸುವಾಗಿನದರಲ್ಲಿ ಯಾವುದಿದೆಯೋ. ಜೊತೆಗೆ, ಒಟ್ಟಿಗೆ ನಡೆಯುವ ಆದೇಶಗಳ ಗುಂಪು, ಅಂದರೆ ‘ಟ್ರಾನ್ಸಾಕ್ಷನ್’, ಮುಗಿಯುವವರೆಗೆ ಪರಿಶೀಲನೆಯನ್ನು ಮುಂದೂಡುವ ‘ಡೆಫರೆಬಲ್’ ಗುಣ ಇದೆಯೋ ಇಲ್ಲವೋ. ಹೊಸ ಕೀ ಬರೆಯುವಾಗ ಇವು ತಪ್ಪಿಹೋದರೆ ತಂತ್ರಾಂಶದ ನಡವಳಿಕೆಯೇ ಬದಲಾಗುತ್ತದೆ.

ಹಂತ 4: ತಬ್ಬಲಿ ಸಾಲುಗಳನ್ನು ಹುಡುಕಿ, ಸರಿಪಡಿಸಿ

ಮೂಲ ಟೇಬಲ್‌ನಲ್ಲಿ ಇಲ್ಲದ ಸಂಖ್ಯೆಯನ್ನು ಹಿಡಿದುಕೊಂಡಿರುವ ಅವಲಂಬಿತ ಸಾಲನ್ನು ತಬ್ಬಲಿ ಸಾಲು ಎಂದು ಕರೆಯೋಣ. ನಿಜವಾದ ಫಾರಿನ್ ಕೀ ಸೇರಿಸುವಾಗ ಪೋಸ್ಟ್‌ಗ್ರೆಸ್ ಇರುವ ಎಲ್ಲ ಸಾಲುಗಳನ್ನೂ ಪರೀಕ್ಷಿಸುತ್ತದೆ; ಒಂದೇ ಒಂದು ತಬ್ಬಲಿ ಸಾಲಿದ್ದರೂ ಆದೇಶ ನಿಲ್ಲುತ್ತದೆ, ಅದೂ ಮೊದಲು ಸಿಕ್ಕ ಒಂದನ್ನು ಮಾತ್ರ ತೋರಿಸಿ. ಆದ್ದರಿಂದ ಮೊದಲೇ ಎಲ್ಲವನ್ನೂ ಹೀಗೆ ಪಟ್ಟಿ ಮಾಡಿಕೊಳ್ಳಬೇಕು:

ಸೆಲೆಕ್ಟ್ ಖ.* ಫ್ರಮ್ ಖರೀದಿ ಖ ಲೆಫ್ಟ್ ಜಾಯಿನ್ ರೈತ ರ ಆನ್ ಖ.ರೈತ_ಸಂಖ್ಯೆ = ರ.ಸಂಖ್ಯೆ ವೇರ್ ರ.ಸಂಖ್ಯೆ ಈಸ್ ನಲ್ ಆ್ಯಂಡ್ ಖ.ರೈತ_ಸಂಖ್ಯೆ ಈಸ್ ನಾಟ್ ನಲ್;

ಟ್ರಿಗರ್ ಇದ್ದೂ ತಬ್ಬಲಿ ಸಾಲು ಹೇಗೆ ಬಂತು ಎಂದು ಹಲವರು ಕೇಳುತ್ತಾರೆ. ಹಳೆಯ ಕಾಲದಲ್ಲಿ ದತ್ತಾಂಶವನ್ನು ಮಾತ್ರ ಲೋಡ್ ಮಾಡುವ ಡಂಪ್‌ಗಳು ‘ಪಿಜಿ_ಕ್ಲಾಸ್’ ಪಟ್ಟಿಯಲ್ಲಿ ‘ರೆಲ್‌ಟ್ರಿಗರ್ಸ್’ ಎಂಬುದನ್ನು ಸೊನ್ನೆ ಮಾಡಿ, ಅಂದರೆ ಟ್ರಿಗರ್‌ಗಳನ್ನು ಮಲಗಿಸಿ, ಸಾಲುಗಳನ್ನು ಸುರಿಯುತ್ತಿದ್ದವು. ಆ ಹೊತ್ತಿನಲ್ಲಿ ಬಂದ ತಪ್ಪು ಸಾಲು ಒಳಗೆ ಸೇರಿದರೆ ಮತ್ತೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ಕಾರಣವೂ ಇದೆ, ಅದು ಆಡಳಿತದ ನಕ್ಷೆ ಬದಲಾದದ್ದು. 2009ರಲ್ಲಿ ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ ಬೇರೆಯಾದಾಗ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಹೊಸ ಜಿಲ್ಲೆಗೆ ಹೋದವು. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾಯಿತು. ಆಮೇಲೆ ಕಾಳಗಿ, ಕಮಲಾಪುರ, ಯಡ್ರಾಮಿ, ಶಹಾಬಾದ್, ಗುರುಮಠಕಲ್, ವಡಗೇರಾ, ಹುಣಸಗಿ, ಹುಲಸೂರು, ಚಿಟಗುಪ್ಪ, ಕಮಲನಗರ ಹೊಸ ತಾಲ್ಲೂಕುಗಳಾದವು. ಇಂಥ ಪ್ರತಿ ಸಂದರ್ಭದಲ್ಲೂ ಯಾರಾದರೂ ಕೈಯಾರೆ ತಾಲ್ಲೂಕಿನ ಸಂಕೇತ ಬದಲಿಸಿರುತ್ತಾರೆ. ರೈತ ಟೇಬಲ್‌ನಲ್ಲಿ ಹೊಸ ಸಂಕೇತ, ತಾಲ್ಲೂಕು ಟೇಬಲ್‌ನಲ್ಲಿ ಹಳೆಯದು ಮಾತ್ರ. ಅಥವಾ ಇದರ ತಿರುವುಮುರುವು. ಇವುಗಳನ್ನು ಸರಿಪಡಿಸುವುದು ಸುಲಭ: ಕಾಣೆಯಾದ ತಾಲ್ಲೂಕಿನ ಸಾಲನ್ನು ಮೂಲ ಟೇಬಲ್‌ಗೆ ಸೇರಿಸಬೇಕು. ಆದರೆ ಅಂದಾಜಿನಿಂದ ಸೇರಿಸಬೇಡಿ. ಕಲಬುರಗಿ ಜಿಲ್ಲೆಯ ಕಮಲಾಪುರ ಬೇರೆ, ಬೀದರ್ ಜಿಲ್ಲೆಯ ಕಮಲನಗರ ಬೇರೆ. ನಾಲ್ಕು ಅಕ್ಷರದ ಸಂಕೇತಕ್ಕೆ ಇಳಿಸಿದಾಗ ಎರಡೂ ಒಂದೇ ಆಗಿರುವ ಸಾಧ್ಯತೆ ಬಹಳ. ರೈತನ ಊರಿನ ಹೆಸರು ನೋಡಿಯೇ ನಿರ್ಧರಿಸಬೇಕು.

ಕಾಲಂನಲ್ಲಿ ಖಾಲಿ ಬಿಡುವ ಬದಲು ಸೊನ್ನೆ ತುಂಬುವ ರೂಢಿಯೂ ತಬ್ಬಲಿ ಸಾಲುಗಳನ್ನು ಹುಟ್ಟಿಸುತ್ತದೆ. ಹಾಗಿದ್ದರೆ ಸೊನ್ನೆಯನ್ನು ‘ನಲ್’ (ಮೌಲ್ಯವಿಲ್ಲ ಎಂಬ ಗುರುತು) ಎಂದು ಬದಲಿಸಿ, ತಂತ್ರಾಂಶ ಅದನ್ನು ಒಪ್ಪುತ್ತದೆಯೇ ಎಂದು ನೋಡಿ.

ಉಳಿಯುವುದು ನಿಜವಾದ ಕಷ್ಟದ ಸಾಲುಗಳು: ರೈತನ ವಿವರ ಅಳಿದುಹೋಗಿದೆ, ಆತನಿಂದ ಕೊಂಡ ಕ್ವಿಂಟಲ್‌ಗಳ ಲೆಕ್ಕ ಉಳಿದಿದೆ. ಇವುಗಳನ್ನು ಅಳಿಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ದಯವಿಟ್ಟು ಅಳಿಸಬೇಡಿ. ಆ ಸಾಲಿನಲ್ಲಿ ತೂಕವಿದೆ, ಹಣವಿದೆ. ಅಳಿಸಿದರೆ ಮುಗಿದುಹೋದ ವರ್ಷದ ಒಟ್ಟು ಮೊತ್ತ ಬದಲಾಗುತ್ತದೆ, ಮುದ್ರಿಸಿ ಸಹಿ ಹಾಕಿದ ವರದಿಗೂ ಡೇಟಾಬೇಸ್‌ಗೂ ತಾಳೆಯಾಗದು. ಹಿರಿಯ ಗುಮಾಸ್ತರ ಜೊತೆ ಕುಳಿತು ಆ ದಿನಾಂಕದ ಅಡತ್ ಪಟ್ಟಿಯನ್ನೋ ತೂಕದ ಚೀಟಿಯನ್ನೋ ತೆಗೆಸಿ ಹೆಸರು ಹುಡುಕಿ. ಸಿಗದಿದ್ದರೆ ಮೂಲ ಟೇಬಲ್‌ಗೆ ‘ಗುರುತು ಸಿಗದ ರೈತ’ ಎಂಬ ಸಾಲು ಸೇರಿಸಿ. ಆದರೆ ಎಲ್ಲ ತಬ್ಬಲಿಗಳನ್ನೂ ಒಂದೇ ಹೆಸರಿಗೆ ಕಟ್ಟಬೇಡಿ. ಕಳೆದುಹೋದ ಪ್ರತಿ ಸಂಖ್ಯೆಗೂ ಅದೇ ಸಂಖ್ಯೆಯ ಪ್ರತ್ಯೇಕ ಸಾಲು ಇರಲಿ. ಆಗ 412ನೇ ಸಂಖ್ಯೆಯ ರೈತ ಯಾರೆಂದು ತಿಳಿಯದಿದ್ದರೂ ಆತನ ಖರೀದಿಗಳೆಲ್ಲ ಒಟ್ಟಿಗೇ ಉಳಿಯುತ್ತವೆ, ಮುಂದೊಂದು ದಿನ ಹಳೆಯ ಪುಸ್ತಕ ಸಿಕ್ಕರೆ ಒಂದೇ ಕಡೆ ಹೆಸರು ತುಂಬಿದರೆ ಆಯಿತು.

ಕನ್ನಡದ ಹೆಸರನ್ನೇ ಕೀ ಆಗಿ ಬಳಸಿದವರಿಗೆ ವಿಶೇಷ ಎಚ್ಚರಿಕೆ. ಯೂನಿಕೋಡ್‌ನಲ್ಲಿ ‘ಸೇಡಂ’ ಎಂಬ ಪದದ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಒತ್ವ, ಓತ್ವಗಳಿಗೂ ಇದೇ ಪಾಡು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಡೇಟಾಬೇಸ್ ಮಾತ್ರ ಬೈಟ್‌ಗಳನ್ನು ಹೋಲಿಸಿ ಎರಡೂ ಬೇರೆ ಎನ್ನುತ್ತದೆ. ಕಣ್ಣಿಗೆ ಸರಿಯಾಗಿರುವ ಸಾಲು ತಬ್ಬಲಿ ಪಟ್ಟಿಯಲ್ಲಿ ಬಂದರೆ ಮೊದಲು ಇದನ್ನೇ ಶಂಕಿಸಿ. ಪೋಸ್ಟ್‌ಗ್ರೆಸ್ 13ರಿಂದ ‘ನಾರ್ಮಲೈಜ್’ ಎಂಬ ಕಾರ್ಯವಿಧಾನವಿದೆ, ಅದು ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಹಳೆಯ ಸರ್ವರ್‌ನಲ್ಲಿ ಆ ಸೌಲಭ್ಯ ಇಲ್ಲದಿರುವುದರಿಂದ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಬಳಸಿ ಡಂಪ್ ಕಡತದ ಮೇಲೆಯೇ ಈ ಕೆಲಸ ಮಾಡಬಹುದು. ದತ್ತಾಂಶವು ನುಡಿ, ಬರಹದ ಹಳೆಯ ಫಾಂಟ್ ಸಂಕೇತದಲ್ಲಿದ್ದು ಈಗ ಯೂನಿಕೋಡ್‌ಗೆ ಬದಲಿಸುವುದಿದ್ದರೆ, ಮೂಲ ಮತ್ತು ಅವಲಂಬಿತ ಟೇಬಲ್‌ಗಳೆರಡನ್ನೂ ಒಂದೇ ಪರಿವರ್ತಕದಿಂದ, ಒಂದೇ ಸಲ ಬದಲಿಸಿ, ತಬ್ಬಲಿಗಳ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ನನ್ನನ್ನು ಕೇಳಿದರೆ, ಹೆಸರನ್ನು ಕೀ ಆಗಿ ಇಡುವುದನ್ನೇ ಬಿಟ್ಟು ಸಂಖ್ಯೆಗೆ ಬದಲಾಗುವುದು ಒಳ್ಳೆಯದು. ಆದರೆ ಅದು ತಂತ್ರಾಂಶವನ್ನೂ ತಿದ್ದಬೇಕಾದ ಬೇರೆಯೇ ಕೆಲಸ, ಇದರ ಜೊತೆ ಬೆರೆಸಬೇಡಿ.

ಹಂತ 5: ಮೂಲ ಕಾಲಂ ಯೋಗ್ಯವಾಗಿದೆಯೇ ಎಂದು ನೋಡಿ

ಫಾರಿನ್ ಕೀ ಸೂಚಿಸುವ ಮೂಲ ಕಾಲಂಗೆ ಪ್ರೈಮರಿ ಕೀ ಅಥವಾ ಯೂನಿಕ್ ಕಟ್ಟಳೆ ಇರಲೇಬೇಕು, ಅಂದರೆ ಒಂದು ಮೌಲ್ಯ ಒಂದೇ ಸಲ ಬರುವಂತಿರಬೇಕು. ಹಳೆಯ ಡೇಟಾಬೇಸ್‌ನಲ್ಲಿ ಆ ಕಟ್ಟಳೆಯನ್ನು ಕಾಯುವ ಇಂಡೆಕ್ಸನ್ನು (ಮೌಲ್ಯಗಳನ್ನು ಬೇಗ ಹುಡುಕಲು ಕಟ್ಟುವ ಸೂಚಿ) ಯಾರೋ ತೆಗೆದಿದ್ದರೂ ಟ್ರಿಗರ್ ಓಡುತ್ತಲೇ ಇರುತ್ತದೆ. ಹೊಸ ಕೀ ಮಾತ್ರ ಒಪ್ಪುವುದಿಲ್ಲ. ಒಂದೇ ಸಂಖ್ಯೆಯ ಇಬ್ಬರು ರೈತರು ಸಿಕ್ಕರೆ ಮತ್ತೆ ಕಿರ್ದಿಯ ಮೊರೆ ಹೋಗಬೇಕು.

ಎರಡೂ ಕಾಲಂಗಳ ಬಗೆ ಒಂದೇ ಇರಲಿ. ಒಂದರಲ್ಲಿ ಪೂರ್ಣಾಂಕ, ಇನ್ನೊಂದರಲ್ಲಿ ಅಕ್ಷರ ಇದ್ದ ಜೋಡಿಗಳು ಹಳೆಯ ಆವೃತ್ತಿಗಳಲ್ಲಿ ಹೇಗೋ ನಡೆಯುತ್ತಿದ್ದವು. 8.3ರಿಂದ ಪೋಸ್ಟ್‌ಗ್ರೆಸ್ ಸಂಖ್ಯೆಯನ್ನು ತಾನಾಗಿ ಅಕ್ಷರವಾಗಿ ಪರಿಗಣಿಸುವುದನ್ನು ನಿಲ್ಲಿಸಿತು, ಆದ್ದರಿಂದ ಅಂಥ ಫಾರಿನ್ ಕೀ ಹೊಸ ಸರ್ವರ್‌ನಲ್ಲಿ ಲೋಡ್ ಆಗುವುದೇ ಇಲ್ಲ.

ಹಂತ 6: ಟ್ರಿಗರ್ ತೆಗೆದು ಫಾರಿನ್ ಕೀ ಸೇರಿಸಿ

ಪೋಸ್ಟ್‌ಗ್ರೆಸ್‌ನಲ್ಲಿ ರಚನೆ ಬದಲಿಸುವ ಆದೇಶಗಳೂ ‘ಟ್ರಾನ್ಸಾಕ್ಷನ್’ ಒಳಗೆ ನಡೆಯುತ್ತವೆ: ಎಲ್ಲವೂ ಆಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ಮಧ್ಯೆ ವಿದ್ಯುತ್ ಹೋದರೂ ಟೇಬಲ್ ಅರ್ಧಕ್ಕೆ ನಿಲ್ಲುವುದಿಲ್ಲ. ಈ ಗುಣವನ್ನು ಪೂರ್ತಿ ಬಳಸಿಕೊಳ್ಳಿ. ಪ್ರತಿ ಗುಂಪಿಗೆ ಒಂದು ಟ್ರಾನ್ಸಾಕ್ಷನ್ ಹೀಗಿರಲಿ:

ಬಿಗಿನ್;
ಡ್ರಾಪ್ ಟ್ರಿಗರ್ "ಆರ್‌ಐ_ಕನ್‌ಸ್ಟ್ರೇಂಟ್‌ಟ್ರಿಗರ್_16543" ಆನ್ ಖರೀದಿ;
ಡ್ರಾಪ್ ಟ್ರಿಗರ್ "ಆರ್‌ಐ_ಕನ್‌ಸ್ಟ್ರೇಂಟ್‌ಟ್ರಿಗರ್_16544" ಆನ್ ರೈತ;
ಡ್ರಾಪ್ ಟ್ರಿಗರ್ "ಆರ್‌ಐ_ಕನ್‌ಸ್ಟ್ರೇಂಟ್‌ಟ್ರಿಗರ್_16545" ಆನ್ ರೈತ;
ಆಲ್ಟರ್ ಟೇಬಲ್ ಖರೀದಿ ಆ್ಯಡ್ ಕನ್‌ಸ್ಟ್ರೇಂಟ್ ಖರೀದಿ_ರೈತ_ಕೀ ಫಾರಿನ್ ಕೀ (ರೈತ_ಸಂಖ್ಯೆ) ರೆಫರೆನ್ಸಸ್ ರೈತ (ಸಂಖ್ಯೆ) ಆನ್ ಅಪ್‌ಡೇಟ್ ಕ್ಯಾಸ್ಕೇಡ್ ಆನ್ ಡಿಲೀಟ್ ನೋ ಆ್ಯಕ್ಷನ್;
ಕಮಿಟ್;

ಟ್ರಿಗರ್ ಹೆಸರಿನ ಸುತ್ತ ಇರುವ ಜೋಡಿ ಉದ್ಧರಣ ಚಿಹ್ನೆಗಳನ್ನು ಬಿಡಬೇಡಿ. ಆ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡ ಅಕ್ಷರಗಳಿವೆ. ಚಿಹ್ನೆ ಇಲ್ಲದಿದ್ದರೆ ಪೋಸ್ಟ್‌ಗ್ರೆಸ್ ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸಿ, ಅಂಥ ಟ್ರಿಗರ್ ಇಲ್ಲವೇ ಇಲ್ಲ ಎಂದು ಹೇಳುತ್ತದೆ. ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಟ್ರಿಗರ್‌ನ ಸಂಖ್ಯೆಗಳು ಪ್ರತಿ ಲೋಡ್‌ನಲ್ಲೂ ಬದಲಾಗಬಹುದು ಎಂಬುದನ್ನೂ ಮರೆಯಬೇಡಿ: ಪ್ರಯೋಗದ ಯಂತ್ರದಲ್ಲಿ ಬರೆದ ಆದೇಶಗಳನ್ನು ಮೂಲ ಸರ್ವರ್‌ನಲ್ಲಿ ಕಣ್ಣುಮುಚ್ಚಿ ಓಡಿಸದೆ, ಅಲ್ಲಿನ ಹೆಸರುಗಳನ್ನು ಮತ್ತೆ ತೆಗೆದು ತಾಳೆ ನೋಡಿ.

ಮೂರನೆಯ ಹಂತದಲ್ಲಿ ಬರೆದಿಟ್ಟ ನಡವಳಿಕೆಯನ್ನು ಇದ್ದಂತೆಯೇ ಹೊಸ ಕೀಗೆ ತನ್ನಿ. ಉದಾಹರಣೆಗೆ, ಅಳಿಸುವಾಗ ಕ್ಯಾಸ್ಕೇಡ್ ಎಂದಿದ್ದರೆ ರೈತನನ್ನು ಅಳಿಸಿದ ಕೂಡಲೇ ಆತನ ಖರೀದಿಗಳೆಲ್ಲ ಅಳಿದುಹೋಗುತ್ತವೆ. ಲೆಕ್ಕದ ಡೇಟಾಬೇಸ್‌ನಲ್ಲಿ ಅದು ಅಪಾಯಕರ ಎಂದು ನಿಮಗೆ ಅನ್ನಿಸಬಹುದು, ನನಗೂ ಹಾಗೆಯೇ ಅನ್ನಿಸುತ್ತದೆ. ಆದರೂ ಸ್ಥಳಾಂತರದ ನಡುವೆ ಅದನ್ನು ತಿದ್ದಬೇಡಿ. ಎರಡು ಬದಲಾವಣೆ ಒಟ್ಟಿಗೆ ಆದಾಗ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ಹೇಳಲಾಗದು. ಹೊಸ ಸರ್ವರ್ ನೆಲೆಗೊಂಡ ಮೇಲೆ ಅದನ್ನು ಬೇರೆಯಾಗಿ ನಿರ್ಧರಿಸಿ.

ಹಳೆಯ ಆವೃತ್ತಿಗಳಲ್ಲಿ ಈ ಆದೇಶ ನಡೆಯುವಷ್ಟು ಹೊತ್ತು ಆ ಟೇಬಲ್‌ಗಳಿಗೆ ಪೂರ್ತಿ ಬೀಗ ಬೀಳುತ್ತದೆ. ಯಾರೂ ಓದಲೂ ಆಗದು. ಆದ್ದರಿಂದ ಅಂಗಡಿ ಮುಚ್ಚಿದ ಮೇಲೆ ಮಾಡಿ, ತಂತ್ರಾಂಶ ತೆರೆದಿಟ್ಟು ಹೋದ ಕಂಪ್ಯೂಟರ್‌ಗಳನ್ನು ಮೊದಲು ಆರಿಸಿ.

ಹಂತ 7: ಕೀ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ

ಇಲ್ಲದ ರೈತ ಸಂಖ್ಯೆ ಕೊಟ್ಟು ಒಂದು ಖರೀದಿ ಸಾಲು ಸೇರಿಸಲು ಯತ್ನಿಸಿ. ತಪ್ಪು ಸಂದೇಶ ಬರಲೇಬೇಕು. ಖರೀದಿ ಇರುವ ರೈತನನ್ನು ಟ್ರಾನ್ಸಾಕ್ಷನ್ ಒಳಗೆ ಅಳಿಸಿ ನೋಡಿ, ಏನಾಯಿತೆಂದು ಗಮನಿಸಿ, ‘ರೋಲ್‌ಬ್ಯಾಕ್’ ಕೊಟ್ಟು ಹಿಂದಕ್ಕೆ ಬನ್ನಿ. ಕೊನೆಗೆ ರಚನೆಯ ಡಂಪ್ ಮತ್ತೆ ತೆಗೆದು ‘ಕ್ರಿಯೇಟ್ ಕನ್‌ಸ್ಟ್ರೇಂಟ್ ಟ್ರಿಗರ್’ ಎಂದು ಹುಡುಕಿ. ಒಂದೂ ಸಿಗಬಾರದು, ಮತ್ತು ‘ಫಾರಿನ್ ಕೀ’ ಎಂಬ ಸಾಲುಗಳ ಸಂಖ್ಯೆ ನಿಮ್ಮ ಪಟ್ಟಿಯ ಗುಂಪುಗಳಿಗೂ ಮೊದಲೇ ಇದ್ದ ನಿಜವಾದ ಕೀಗಳಿಗೂ ಸರಿಹೊಂದಬೇಕು.

ಹಂತ 8: ಹೊಸ ಆವೃತ್ತಿಗೆ ಒಯ್ಯಿರಿ

ಡಂಪ್ ತೆಗೆಯಲು ಹಳೆಯ ಸರ್ವರ್‌ನ ಪಿಜಿ_ಡಂಪ್‌ಗಿಂತ ಹೊಸ ಆವೃತ್ತಿಯ ಪಿಜಿ_ಡಂಪ್ ಬಳಸುವುದು ಉತ್ತಮ, ಆದರೆ ಅದಕ್ಕೂ ಮಿತಿಯಿದೆ. 9.6ರವರೆಗಿನ ಪಿಜಿ_ಡಂಪ್ 7.0ರಿಂದಾಚೆಗಿನ ಸರ್ವರ್‌ಗಳನ್ನು ಓದಬಲ್ಲದು. 10ರಿಂದ 14ರವರೆಗಿನದು 8.0ರಿಂದಾಚೆಗಿನವನ್ನು ಮಾತ್ರ, 15ರಿಂದ 9.2ಕ್ಕಿಂತ ಹಳೆಯದನ್ನು ಓದುವುದೇ ಇಲ್ಲ. ಆದ್ದರಿಂದ 8.1 ಸರ್ವರ್ ಇರುವವರು 14ರ ಪಿಜಿ_ಡಂಪ್‌ನಿಂದ ತೆಗೆದು, ಆ ಕಡತವನ್ನು ಈಗಿನ ಆವೃತ್ತಿಗೆ ಲೋಡ್ ಮಾಡಬಹುದು. ಲೋಡ್ ಮಾಡುವಾಗ ಪಿಎಸ್‌ಕ್ಯೂಎಲ್‌ಗೆ ‘ಆನ್_ಎರರ್_ಸ್ಟಾಪ್’ ಎಂಬ ಆಯ್ಕೆ ಕೊಡಿ, ಮೊದಲ ತಪ್ಪಿಗೇ ಅದು ನಿಲ್ಲಲಿ. ಇಲ್ಲದಿದ್ದರೆ ತಪ್ಪುಗಳು ಪರದೆಯ ಮೇಲೆ ಸರಿದುಹೋಗಿ, ಅರ್ಧ ಡೇಟಾಬೇಸ್ ಪೂರ್ತಿಯೆಂಬಂತೆ ತೋರುತ್ತದೆ.

ಪರಿವರ್ತನೆಯನ್ನು ಪೋಸ್ಟ್‌ಗ್ರೆಸ್ ತಾನೇ ಮಾಡುವುದಾದರೆ ಇಷ್ಟೆಲ್ಲ ಶ್ರಮ ಏಕೆ ಎಂದು ಕೇಳಬಹುದು. 8.3ರಿಂದ 12ರವರೆಗಿನ ಆವೃತ್ತಿಗಳು ಆ ಕೆಲಸ ಮಾಡುತ್ತಿದ್ದದ್ದು ನಿಜ. ಆದರೆ ಅವು ಮೂರು ಟ್ರಿಗರ್‌ಗಳೂ ಸಿಗುವವರೆಗೆ ಕಾಯುತ್ತವೆ. ಮೊದಲ ಎರಡಕ್ಕೆ ‘ಅಪೂರ್ಣ ಗುಂಪು, ಬಿಟ್ಟಿದ್ದೇನೆ’ ಎಂಬ ಅರ್ಥದ ಸೂಚನೆ, ಮೂರನೆಯದಕ್ಕೆ ‘ಕಟ್ಟಳೆಯಾಗಿ ಪರಿವರ್ತಿಸುತ್ತಿದ್ದೇನೆ’ ಎಂಬ ಸೂಚನೆ ಬರುತ್ತದೆ. ಒಂದು ಟ್ರಿಗರ್ ಕಾಣೆಯಾಗಿದ್ದ ಗುಂಪಿಗೆ ಆ ಕೊನೆಯ ಸೂಚನೆ ಬರುವುದೇ ಇಲ್ಲ, ಸಂಬಂಧ ಸದ್ದಿಲ್ಲದೆ ಕಳೆದುಹೋಗುತ್ತದೆ. ಮೂಲ ಸರ್ವರ್ ಈಗಾಗಲೇ ಕೆಟ್ಟು ಕೈಯಲ್ಲಿ ಹಳೆಯ ಡಂಪ್ ಕಡತ ಮಾತ್ರ ಉಳಿದಿರುವವರಿಗೆ 12ರ ಸರ್ವರ್ ಮೂಲಕ ಹಾದುಹೋಗುವ ಈ ದಾರಿ ಉಪಯುಕ್ತ. ಆಗಲೂ ಎಲ್ಲ ಸೂಚನೆಗಳನ್ನು ಕಡತಕ್ಕೆ ಉಳಿಸಿಕೊಂಡು, ಪರಿವರ್ತನೆಯ ಸೂಚನೆಗಳನ್ನು ನಿಮ್ಮ ಪಟ್ಟಿಯೊಂದಿಗೆ ಒಂದೊಂದಾಗಿ ತಾಳೆ ನೋಡಬೇಕು. 2020ರಲ್ಲಿ ಬಂದ 13ರಿಂದ ಈ ಸೌಲಭ್ಯವನ್ನು ತೆಗೆದುಹಾಕಲಾಗಿದೆ. ಹಳೆಯ ಟ್ರಿಗರ್‌ಗಳನ್ನು ನೇರವಾಗಿ 13 ಅಥವಾ ಮುಂದಿನ ಆವೃತ್ತಿಗೆ ಒಯ್ದರೆ, ಟ್ರಿಗರ್ ಓಡಿದಾಗ ಅದರ ಕಾರ್ಯವಿಧಾನವು ಫಾರಿನ್ ಕೀಯ ದಾಖಲೆಯನ್ನು ಹುಡುಕಿ, ಸಿಗದೆ, ತಪ್ಪು ಎಂದು ನಿಲ್ಲುತ್ತದೆ. ಲೋಡ್ ಸುಗಮವಾಗಿ ಮುಗಿದು, ಮರುದಿನ ಬೆಳಿಗ್ಗೆ ಮೊದಲ ಪಟ್ಟಿ ಬರೆಯುವಾಗ ಕೆಲಸ ನಿಂತಿತು ಎನ್ನುವವರ ಕಥೆ ಸಾಮಾನ್ಯವಾಗಿ ಇದೇ.

ಒಂದು ಮಾತು ‘ಓಐಡಿ’ ಬಗ್ಗೆ. ಹಳೆಯ ಟೇಬಲ್‌ಗಳ ಪ್ರತಿ ಸಾಲಿಗೂ ಕಾಣದ ಓಐಡಿ ಎಂಬ ಸಂಖ್ಯೆ ಇರುತ್ತಿತ್ತು. 12ರಿಂದ ಅದು ಇಲ್ಲ. ನಿಮ್ಮ ತಂತ್ರಾಂಶ ಸಾಲುಗಳನ್ನು ಜೋಡಿಸಲು ಅದನ್ನು ಬಳಸುತ್ತಿದ್ದರೆ, ಹಳೆಯ ಸರ್ವರ್‌ನಲ್ಲಿರುವಾಗಲೇ ಆ ಮೌಲ್ಯವನ್ನು ಒಂದು ನಿಜವಾದ ಕಾಲಂಗೆ ನಕಲು ಮಾಡಿಕೊಳ್ಳಿ.

ಲೋಡ್ ಮುಗಿದ ಮೇಲೆ ‘ಅನಲೈಜ್’ ಆದೇಶ ಕೊಡಿ, ಇಲ್ಲದಿದ್ದರೆ ಮೊದಲ ದಿನಗಳಲ್ಲಿ ವರದಿಗಳು ನಿಧಾನವಾಗುತ್ತವೆ. ಅವಲಂಬಿತ ಕಾಲಂಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ ಕಟ್ಟುವುದಿಲ್ಲ. ಖರೀದಿಯ ರೈತ_ಸಂಖ್ಯೆಯಂಥ ಕಾಲಂಗೆ ನೀವೇ ಕಟ್ಟಬೇಕು, ಏಕೆಂದರೆ ಒಬ್ಬ ರೈತನನ್ನು ಅಳಿಸುವಾಗಲೂ ಇಡೀ ಖರೀದಿ ಟೇಬಲ್ ಹುಡುಕಬೇಕಾಗುತ್ತದೆ. ಹಳೆಯ ಯಂತ್ರವನ್ನು ಕೂಡಲೇ ಗುಜರಿಗೆ ಕೊಡದೆ, ಜಾಲದಿಂದ ಬಿಡಿಸಿ, ಮುಂದಿನ ತೊಗರಿ ಹಂಗಾಮು ಮುಗಿದು ಮಾರ್ಚ್‌ನ ಲೆಕ್ಕ ಸರಿಹೊಂದುವವರೆಗೆ ಹಾಗೆಯೇ ಇಟ್ಟುಕೊಳ್ಳಿ. ಯಾವುದಾದರೂ ಮೊತ್ತದ ಬಗ್ಗೆ ಪ್ರಶ್ನೆ ಎದ್ದರೆ ಎರಡೂ ಕಡೆ ಅದೇ ವರದಿ ತೆಗೆದು ಹೋಲಿಸಬಹುದು.